ಸಿಂಗಾಡಿಯ ಒಳದನಿ: ಸಗರನಾಡಿನ ಹವೆ ಮತ್ತು ಕೊಂಬಿನ ಬಿಲ್ಲು

ಕನ್ನಡದ ಪ್ರಾಚೀನ ಕಾವ್ಯಗಳಲ್ಲಿ ಬಿಲ್ಲಿನ ಸದ್ದೆಂದರೆ ಜೇವೊಡೆ. ವೀರನು ಹೆದೆಯನ್ನು ಮಿಡಿದಾಗ ಏಳುವ ಆ ಠೇಂಕಾರಕ್ಕೆ ದಿಗ್ಗಜಗಳು ಬೆದರುವುದು, ವೈರಿಗಳ ಎದೆ ಬಿರಿಯುವುದು ಒಂದು ಕವಿಸಮಯವೇ ಆಗಿದೆ. ಆದರೆ ಬಿಲ್ಲಿಗೆ ಇನ್ನೊಂದು ಸದ್ದೂ ಉಂಟು. ಅದು ಹೆದೆಯಿಂದ ಹುಟ್ಟುವುದಲ್ಲ; ಬಿಲ್ಲಿನ ಮೈಯೊಳಗಿನಿಂದ ಬರುವಂಥದು. ಹೆದೆಯನ್ನು ಕಿವಿಯತ್ತ ಸೆಳೆಯುತ್ತಿರುವಾಗ ಎಲ್ಲಿಯೋ ಒಂದು ಕಡೆ ಚಿಟ್ಟೆನ್ನುವ ಅಥವಾ ಲಟಕ್ಕೆನ್ನುವ ಸಣ್ಣ ಸದ್ದು. ಮಹಾಕಾವ್ಯದ ವೈಭವಕ್ಕೆ ಅದು ಒದಗುವಂಥದಲ್ಲ. ಆದರೆ ಬಿಲ್ಲನ್ನು ಕಟ್ಟುವವನಿಗೂ ಹಿಡಿಯುವವನಿಗೂ ಜೇವೊಡೆಗಿಂತ ಮುಖ್ಯವಾದ ಸದ್ದು ಇದೇ. ಇದನ್ನು ಕೇಳಿಸಿಕೊಳ್ಳದೆ ಮತ್ತೊಮ್ಮೆ ಸೆಳೆದರೆ ವರ್ಷವಿಡೀ ಕಟ್ಟಿದ ಬಿಲ್ಲು ಕ್ಷಣದಲ್ಲಿ ಎರಡು ತುಂಡಾಗಬಹುದು.

ಈ ಸದ್ದು ಎಲ್ಲ ಬಿಲ್ಲುಗಳದಲ್ಲ. ಬಿದಿರಿನ ಅಥವಾ ಒಂದೇ ಮರದ ಬಿಲ್ಲು ಮುರಿಯುವ ಮುನ್ನ ಹೆಚ್ಚು ಎಚ್ಚರಿಕೆ ಕೊಡುವುದಿಲ್ಲ. ಮೈಯೊಳಗಿನಿಂದ ಮಾತನಾಡುವುದು ಪದರಗಳನ್ನು ಅಂಟಿಸಿ ಕಟ್ಟಿದ ಕೊಂಬಿನ ಬಿಲ್ಲು. ಕನ್ನಡದಲ್ಲಿ ಇದಕ್ಕೆ ಸಿಂಗಾಡಿ ಎಂಬ ಸೊಗಸಾದ ಹೆಸರಿದೆ. ಶೃಂಗ ಎಂದರೆ ಕೊಂಬು; ಸಿಂಗ ಅದರ ತದ್ಭವ. ವಿಷ್ಣುವಿನ ಬಿಲ್ಲಿಗೆ ಶಾರ್ಙ್ಗವೆಂಬ ಹೆಸರು ಬಂದುದೂ ಇದೇ ಶೃಂಗದಿಂದ. ಶಾರ್ಙ್ಗಪಾಣಿ ಎಂದು ದೇವರನ್ನು ನಿತ್ಯ ನೆನೆಯುವವರು ಕೊಂಬಿನ ಬಿಲ್ಲು ಹಿಡಿದವನೇ ಎಂದು ಕರೆಯುತ್ತಿದ್ದೇವೆಂಬುದನ್ನು ಬಹುಮಟ್ಟಿಗೆ ಮರೆತಿದ್ದಾರೆ. ಕೌಟಿಲ್ಯನ ಅರ್ಥಶಾಸ್ತ್ರದ ಆಯುಧಾಗಾರ ಪ್ರಕರಣದಲ್ಲಿ ತಾಳೆ, ಬಿದಿರು, ಮರ, ಕೊಂಬು ಎಂದು ಬಿಲ್ಲಿನ ನಾಲ್ಕು ಮೂಲದ್ರವ್ಯಗಳನ್ನು ಹೇಳಿದೆ. ಹೆದೆಗೆ ಒದಗುವ ವಸ್ತುಗಳ ಸಾಲಿನಲ್ಲಿ ಪ್ರಾಣಿಗಳ ನರವೂ ಸೇರಿದೆ. ಎಂದಮೇಲೆ ಕೊಂಬಿನ ಬಿಲ್ಲು ತುರುಕರೊಡನೆ ಮೊದಲಬಾರಿಗೆ ಈ ನೆಲಕ್ಕೆ ಕಾಲಿಟ್ಟಿತೆಂಬ ಸಾಮಾನ್ಯ ಅಭಿಪ್ರಾಯವನ್ನು ಹಾಗೆಯೇ ಒಪ್ಪಲಾಗದು. ಆದರೆ ಅದು ಇಲ್ಲಿನ ಯುದ್ಧದ ಗತಿಯನ್ನೇ ತಿದ್ದುವ ಆಯುಧವಾದದ್ದು ಸುಲ್ತಾನರ ಕಾಲದಲ್ಲಿ ಎಂಬುದೂ ಅಷ್ಟೇ ನಿಜ.

ಸದ್ದಿನ ಅರ್ಥ ತಿಳಿಯಬೇಕಾದರೆ ಬಿಲ್ಲಿನ ಒಡಲು ತಿಳಿಯಬೇಕು. ಸಿಂಗಾಡಿಯ ನಡುವೆ ತೆಳುವಾದ ಮರದ ಪದರವಿರುತ್ತದೆ. ಬಿಲ್ಲುಗಾರನ ಕಡೆಗಿರುವ ಒಳಮೈಗೆ ಎಮ್ಮೆ ಕೋಣಗಳ ಕೊಂಬಿನ ಪಟ್ಟಿಗಳನ್ನು, ಗುರಿಯ ಕಡೆಗಿರುವ ಹೊರಮೈಗೆ ದನದ ನರವನ್ನು ಎಳೆಎಳೆಯಾಗಿ ಬಿಡಿಸಿ ಅಂಟಿನಲ್ಲಿ ತೋಯಿಸಿ ಹಚ್ಚುತ್ತಾರೆ. ಬಿಲ್ಲು ಬಾಗಿದಾಗ ಒಳಮೈ ಒತ್ತಿಕೊಳ್ಳುತ್ತದೆ, ಹೊರಮೈ ಹಿಗ್ಗುತ್ತದೆ. ಒತ್ತಡವನ್ನು ತಾಳುವುದರಲ್ಲಿ ಕೊಂಬಿಗೂ ಎಳೆತವನ್ನು ತಾಳುವುದರಲ್ಲಿ ನರಕ್ಕೂ ಮರವು ಸಾಟಿಯಲ್ಲ. ಆದ್ದರಿಂದಲೇ ಕುದುರೆಯ ಮೇಲೆ ಕುಳಿತು ಹಿಡಿಯಬಹುದಾದ ಗಿಡ್ಡ ಬಿಲ್ಲಿನಿಂದ ಆಳುದ್ದದ ಬಿದಿರ ಬಿಲ್ಲನ್ನು ಮೀರಿಸುವ ಹೊಡೆತ ಬರುತ್ತದೆ. ಹೆದೆ ಇಳಿಸಿದಾಗ ಈ ಬಿಲ್ಲು ಎದುರು ದಿಕ್ಕಿಗೆ, ಏಡಿಯ ಕೊಂಡಿಗಳಂತೆ ಮುದುಡಿಕೊಳ್ಳುತ್ತದೆ. ಹೆದೆಯೇರಿಸುವುದೆಂದರೆ ಅದನ್ನು ಒಳಹೊರಗು ಮಾಡಿದಂತೆಯೇ.

ಮೂರು ಬೇರೆ ಬೇರೆ ಸ್ವಭಾವದ ವಸ್ತುಗಳನ್ನು ಹಿಡಿದಿಡುವುದು ಅಂಟು ಮಾತ್ರ. ಈ ಅಂಟಿನ ವಿಚಾರದಲ್ಲಿ ಕನ್ನಡನಾಡಿಗೆ ತನ್ನದೇ ಆದ ದಾಖಲೆಯಿದೆ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ ಚಿತ್ರಪ್ರಕರಣದಲ್ಲಿ ವಜ್ರಲೇಪ ಮಾಡುವ ಕ್ರಮ ಬರುತ್ತದೆ. ಹಸಿಯ ಎಮ್ಮೆಚರ್ಮವನ್ನು ನೀರಿನಲ್ಲಿ ಬೆಣ್ಣೆಯಂತಾಗುವವರೆಗೆ ಕುದಿಸಿ, ಕಡ್ಡಿಗಳಾಗಿ ಮಾಡಿ, ಬಿಸಿಲಿನಲ್ಲಿ ಒಣಗಿಸಿ, ಬೇಕಾದಾಗ ಬಿಸಿನೀರಿನಲ್ಲಿ ಕರಗಿಸಿಕೊಳ್ಳಬೇಕು. ಅದಕ್ಕೂ ಹಿಂದಿನ ವರಾಹಮಿಹಿರನ ಬೃಹತ್ಸಂಹಿತೆಯ ವಜ್ರಲೇಪಗಳ ಪೈಕಿ ಒಂದರಲ್ಲಿ ಕೊಂಬು ಮತ್ತು ಚರ್ಮ ಎರಡನ್ನೂ ಕುದಿಸುವ ವಿಧಾನವಿದೆ. ಚಿತ್ರಕಾರನ ಗೋಡೆಗೂ ಬಿಲ್ಲುಗಾರನ ಕಾರ್ಯಾಗಾರಕ್ಕೂ ಅಂಟು ಒಂದೇ ಎಂಬುದು ಇಲ್ಲಿ ಲಕ್ಷಿಸಬೇಕಾದ ಸಂಗತಿ. ಹೆಸರಿನಲ್ಲಿ ವಜ್ರವಿದ್ದರೂ ಈ ಲೇಪಕ್ಕೊಂದು ದೌರ್ಬಲ್ಯವುಂಟು. ಅದು ನೀರಿನಿಂದ ಹುಟ್ಟಿದ್ದು, ನೀರನ್ನು ಮರೆಯುವುದಿಲ್ಲ. ಗಾಳಿಯ ತೇವವನ್ನು ಹೀರಿ ಮೆತ್ತಗಾಗುತ್ತದೆ. ಅತಿಯಾಗಿ ಒಣಗಿದರೆ ಗಾಜಿನಂತೆ ಪೆಡಸಾಗುತ್ತದೆ. ನರದ ಸ್ವಭಾವವೂ ಬಹುಪಾಲು ಇದೇ.

ಇನ್ನು ಸಗರನಾಡಿನ ಹವೆ. ಕೃಷ್ಣಾ ಭೀಮಾ ನದಿಗಳ ನಡುವೆ ಹರಡಿರುವ ಸುರಪುರ, ಶಹಾಪುರ, ಯಾದಗಿರಿಗಳ ಈ ಸೀಮೆ 2009ರ ಡಿಸೆಂಬರಿನಲ್ಲಿ ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆಯಾಯಿತು. ಬೆಟ್ಟದ ಬಂಡೆಗಳು ಬೇಸಿಗೆಯಲ್ಲಿ ಕಾದ ಹಂಚಿನಂತಾಗುತ್ತವೆ. ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಇಲ್ಲಿ ವಿಶೇಷವಲ್ಲ. ಜೂನ್ ತಿಂಗಳಿನಿಂದ ಮಳೆ ಹಿಡಿದರೆ ಎರೆಭೂಮಿ ಕಾಲಿಗೆ ಅಂಟಿಕೊಳ್ಳುತ್ತದೆ, ಮಾಳಿಗೆಮನೆಗಳ ಒಳಗೆಲ್ಲ ತಂಪು ಕೂರುತ್ತದೆ. ಕೆಲವೇ ವಾರಗಳಲ್ಲಿ ಒಣಹವೆಯಿಂದ ತೇವಕ್ಕೆ, ತೇವದಿಂದ ಒಣಹವೆಗೆ ಹೊರಳುವ ಇಂಥ ನಾಡು ಅಂಟಿನ ಬಿಲ್ಲಿಗೆ ಹೇಳಿ ಮಾಡಿಸಿದ ಜಾಗವಲ್ಲ.

ಆದರೂ ಈ ಬಿಲ್ಲು ಇಲ್ಲಿಗೆ ಬಂದಿತು, ಶತಮಾನಗಳ ಕಾಲ ನಿಂತಿತು. ಬಿಜಾಪುರದಲ್ಲಿ ಕುಳಿತು ಇತಿಹಾಸ ಬರೆದ ಫಿರಿಶ್ತಾ ಒಂದು ಪ್ರಸಂಗವನ್ನು ದಾಖಲಿಸಿದ್ದಾನೆ. ಬಹಮನಿಗಳೆದುರು ಮತ್ತೆ ಮತ್ತೆ ಏಕೆ ಸೋಲಾಗುತ್ತಿದೆಯೆಂದು ವಿಜಯನಗರದ ಇಮ್ಮಡಿ ದೇವರಾಯನು ಸಭೆಯಲ್ಲಿ ಕೇಳಿದಾಗ, ಅವರ ಕುದುರೆಗಳು ಮತ್ತು ಬಿಲ್ಲುಗಾರರೇ ಕಾರಣವೆಂಬ ಉತ್ತರ ಬಂದಿತಂತೆ. ರಾಜನು ಮುಸಲ್ಮಾನ ಬಿಲ್ಲುಗಾರರನ್ನು ಜಹಗೀರು ಕೊಟ್ಟು ಸೇರಿಸಿಕೊಂಡು, ತನ್ನ ಸೈನಿಕರಿಗೆ ಆ ವಿದ್ಯೆಯನ್ನು ಕಲಿಸಿದನೆಂದು ಫಿರಿಶ್ತಾ ಹೇಳುತ್ತಾನೆ. ಅವನು ಕೊಡುವ ಸೈನ್ಯದ ಸಂಖ್ಯೆಗಳನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ 15ನೆಯ ಶತಮಾನದ ಮೊದಲರ್ಧದಲ್ಲಿ ಬಿಲ್ವಿದ್ಯೆ ರಾಜಕೀಯ ಚಿಂತೆಯಾಗಿತ್ತೆಂಬುದು ಇದರಿಂದ ಸ್ಪಷ್ಟ. ಬಿಜಾಪುರದಲ್ಲಿ 1570ರಲ್ಲಿ ಸಿದ್ಧವಾದ ನುಜೂಮ್ ಅಲ್ ಉಲೂಮ್ ಎಂಬ ಸಚಿತ್ರ ಗ್ರಂಥದಲ್ಲಿ ಆಯುಧಗಳಿಗಾಗಿಯೇ ಒಂದು ಭಾಗ ಮೀಸಲಾಗಿದೆ.

ಸಗರನಾಡಿನ ಬೇಡ ನಾಯಕರು ಈ ಆದಿಲ್‌ಶಾಹಿ ವ್ಯವಸ್ಥೆಯ ಅಂಚಿನಲ್ಲಿ ಬೆಳೆದವರು. ಬೇಟೆಯೇ ಕುಲವೃತ್ತಿಯಾಗಿದ್ದ ಸಮುದಾಯಕ್ಕೆ ಬಿಲ್ಲು ಹೊಸದಲ್ಲ; ಬೇಡರ ಕಣ್ಣಪ್ಪನ ಚಿತ್ರವೇ ಬಿಲ್ಲಿಲ್ಲದೆ ಪೂರ್ಣವಾಗದು. ಆದರೆ ಬೇಟೆಗಾರನ ಬಿಲ್ಲು ಸಾಮಾನ್ಯವಾಗಿ ಬಿದಿರಿನದು. ಮುರಿದರೆ ಇನ್ನೊಂದನ್ನು ಕಡಿದು ತರಬಹುದು; ಮಳೆಗೆ ನೆನೆದರೂ ಪದರ ಬಿಡುವ ಭಯವಿಲ್ಲ. ಸಿಂಗಾಡಿಗೆ ಅರಮನೆಯ ಆಸರೆ ಬೇಕು. ಕೊಂಬು ಆರಿಸುವವನು, ನರ ಬಿಡಿಸುವವನು, ತಿಂಗಳುಗಟ್ಟಲೆ ಕಾಯುವ ತಾಳ್ಮೆಯುಳ್ಳವನು ಬೇಕು. ಬಿಲ್ಲುಗಳಲ್ಲಿಯೂ ಹೀಗೆ ಮಾರ್ಗ ದೇಸಿಗಳ ಭೇದವುಂಟು. ಬೇಡ ಪಡೆಗಳು ಮೊಗಲರ ಕಾಲಕ್ಕೆ ಪ್ರಸಿದ್ಧವಾದದ್ದು ಬಂದೂಕಿನಿಂದ. ಸಿಂಗಾಡಿಯ ಹಂತವನ್ನು ಹಿಡಿಯದೆ ಬಿದಿರಬಿಲ್ಲಿನಿಂದ ನೇರವಾಗಿ ಬತ್ತಿಯ ಬಂದೂಕಿಗೆ ಜಿಗಿದದ್ದು ಹವೆಯನ್ನು ಬಲ್ಲವರ ಜಾಣತನವೆಂದು ಭಾವಿಸಲು ಅವಕಾಶವಿದೆ. ಮದ್ದಿಗೂ ತೇವ ಶತ್ರುವೇ, ಆದರೆ ನೆನೆದ ಮದ್ದನ್ನು ಒಣಗಿಸಬಹುದು ಅಥವಾ ಬದಲಿಸಬಹುದು; ಪದರ ಬಿಟ್ಟ ಬಿಲ್ಲಿನ ಮಾತು ಹಾಗಲ್ಲ.

1705ರ ಫೆಬ್ರವರಿಯಲ್ಲಿ ಔರಂಗಜೇಬನು ಖುದ್ದಾಗಿ ವಾಗಿನಗೇರಿಯ ಮುಂದೆ ಬಂದು ನಿಂತನು. ಕೋಟೆಯ ಒಳಗೆ ಪಿಡ್ಡನಾಯಕ. ಏಪ್ರಿಲ್ ತಿಂಗಳ ಕೊನೆಯವರೆಗೆ ಕೋಟೆ ಸೋಲಲಿಲ್ಲ. ಸೋತಾಗಲೂ ನಾಯಕನು ರಾತ್ರಿಯಲ್ಲಿ ಪಾರಾಗಿದ್ದನು. ಚಕ್ರವರ್ತಿಯು ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಇದು. ಇತಿಹಾಸಕಾರರ ಗಮನ ಮುತ್ತಿಗೆಯ ಮೂರು ತಿಂಗಳ ಮೇಲೆಯೇ ನಿಂತಿದೆ. ಆದರೆ ಆಯುಧಗಳ ಚರಿತ್ರೆಯ ದೃಷ್ಟಿಯಿಂದ ಅದರ ನಂತರದ ಆರು ತಿಂಗಳು ಕಡಿಮೆ ಮಹತ್ವದವಲ್ಲ. ಕೃಷ್ಣೆಗೆ ಸಮೀಪದ ದೇವಾಪುರದಲ್ಲಿ ಔರಂಗಜೇಬನು ಕಾಯಿಲೆ ಬಿದ್ದನು. ಅಕ್ಟೋಬರ್ ತಿಂಗಳವರೆಗೆ ದಂಡು ಅಲ್ಲಿಯೇ ಬೀಡುಬಿಟ್ಟಿತು. ಮುತ್ತಿಗೆ ನಡೆದದ್ದು ಸಗರನಾಡಿನ ಕಡುಬೇಸಿಗೆಯಲ್ಲಿ, ಬೀಡು ಕಳೆದದ್ದು ಇಡೀ ಮಳೆಗಾಲ. ಬಂದೂಕಿನವನು ಎರಡು ಗುಂಡು ಹಾರಿಸುವಷ್ಟರಲ್ಲಿ ಮೊಗಲ ಸವಾರ ಆರು ಬಾಣ ಬಿಡಬಲ್ಲನೆಂದು 17ನೆಯ ಶತಮಾನದ ಫ್ರೆಂಚ್ ಪ್ರವಾಸಿ ಬರ್ನಿಯೇ ಬೆರಗಿನಿಂದ ಬರೆದಿದ್ದಾನೆ. ಅಂಥ ಸವಾರರ ಬಿಲ್ಲುಗಳು ಒಂದೇ ವರ್ಷದಲ್ಲಿ ಒಣಹವೆಯ ತುದಿಯನ್ನೂ ತೇವದ ತುದಿಯನ್ನೂ ಇಲ್ಲಿ ಕಂಡಿರಬೇಕು.

ಈ ಎರಡು ತುದಿಗಳಲ್ಲಿ ಸಿಂಗಾಡಿ ಒಂದೇ ರೀತಿ ವರ್ತಿಸುವುದಿಲ್ಲ. ಬೇಸಿಗೆಯಲ್ಲಿ ಅದು ಸದ್ದು ಮಾಡಿ ಕೆಡುತ್ತದೆ, ಮಳೆಗಾಲದಲ್ಲಿ ಸದ್ದಿಲ್ಲದೆ ಕೆಡುತ್ತದೆ. ತೇವ ಹೀರಿದ ಬಿಲ್ಲು ಚಟಗುಟ್ಟುವುದಿಲ್ಲ. ಮೆತ್ತಗೆ ಬಾಗುತ್ತದೆ, ಹೆದೆ ಇಳಿಸಿದರೂ ಹಿಂದಕ್ಕೆ ಮುದುಡಿಕೊಳ್ಳದೆ ಸೋಮಾರಿಯಂತೆ ತೆರೆದುಕೊಂಡಿರುತ್ತದೆ, ಬಾಣ ನಡುದಾರಿಯಲ್ಲಿ ಬೀಳುತ್ತದೆ. ಹೊಸಬನು ಸದ್ದಿಲ್ಲವೆಂದು ಸಮಾಧಾನಪಟ್ಟುಕೊಳ್ಳುವುದು ಇಲ್ಲಿಯೇ. ಆದ್ದರಿಂದ ಸದ್ದನ್ನು ಕೇಳುವುದಕ್ಕೆ ಮೊದಲು ಋತುವನ್ನು ಕೇಳಬೇಕಾಗುತ್ತದೆ.

ಸದ್ದು ಬಂದಾಗ ಮೊದಲು ಅನುಮಾನಿಸಬೇಕಾದದ್ದು ಬಿಲ್ಲನ್ನಲ್ಲ, ಹೆದೆಯನ್ನು. ಹೊಸದಾಗಿ ಹೊಸೆದ ರೇಷ್ಮೆಯ ಅಥವಾ ನೂಲಿನ ಹೆದೆಯಲ್ಲಿ ಎಳೆಗಳು ತಮ್ಮ ಜಾಗ ಹಿಡಿಯುವಾಗ ಚಿಟಿಚಿಟಿ ಎನ್ನುತ್ತವೆ. ಹೆದೆಯ ಕುಣಿಕೆ ಬಿಲ್ಲಿನ ಕೊಪ್ಪಿನಲ್ಲಿ ಸರಿಯಾಗಿ ಕೂರದಿದ್ದರೆ ಕಿರ್ ಎಂದು ಉಜ್ಜುತ್ತದೆ. ಹೆದೆಗೆ ಮೇಣ ತಿಕ್ಕಿ, ಕುಣಿಕೆಯನ್ನು ಸರಿಪಡಿಸಿ, ಸಾಧ್ಯವಾದರೆ ಬೇರೆ ಹೆದೆಯನ್ನೇ ಏರಿಸಿ ನೋಡಿದರೆ ಇದು ತೀರ್ಮಾನವಾಗುತ್ತದೆ. ಬಹುದಿನ ಇಳಿಸಿಟ್ಟಿದ್ದ ಬಿಲ್ಲನ್ನು ಏರಿಸಿದಾಗ ಮೊದಲ ಸೆಳೆತದಲ್ಲಿ ಒಮ್ಮೆ ಮಾತ್ರ ಚಿಟ್ಟೆಂದು, ಮತ್ತೆ ಬಾರದ ಸದ್ದೂ ಅಂಥ ಭಯಕ್ಕೆ ಕಾರಣವಲ್ಲ. ಹೊರಗಿನ ಮೆರುಗೆಣ್ಣೆ ಬಿಲ್ಲಿನಷ್ಟು ಬಾಗದೆ ಕೂದಲೆಳೆಯಂತೆ ಸೀಳಿರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಸೀಳು ಬಣ್ಣದ ಪದರದಲ್ಲಿ ಮಾತ್ರ ಇದೆಯೋ ಕೆಳಗೂ ಇಳಿದಿದೆಯೋ ಕಾಣುತ್ತದೆ.

ಮರುಕಳಿಸುವ ಸದ್ದಿನ ಮಾತೇ ಬೇರೆ. ಪ್ರತಿ ಸೆಳೆತದಲ್ಲಿಯೂ ಹೆದೆ ಅದೇ ಅಳತೆಗೆ ಬಂದಾಗ ಅದೇ ಜಾಗದಲ್ಲಿ ಟಕ್ಕೆಂದರೆ ಅಲ್ಲಿ ಎರಡು ಪದರಗಳು ಕೈಬಿಟ್ಟಿವೆ ಎಂದೇ ಅರ್ಥ. ಬಾಗಿದಾಗ ಜಾರುತ್ತವೆ, ಬಿಟ್ಟಾಗ ಮರಳಿ ಕೂರುತ್ತವೆ. ಸಾಮಾನ್ಯವಾಗಿ ಇದು ಹಿಡಿಯ ಪಕ್ಕದಲ್ಲಿ ಅಥವಾ ಬಾಗುವ ತೋಳು ಬಾಗದ ತುದಿಯನ್ನು ಸೇರುವಲ್ಲಿ ಸಂಭವಿಸುತ್ತದೆ. ಬಾಗು ನಿಂತಲ್ಲಿ ಒತ್ತಡ ಗುಂಪುಗೂಡುತ್ತದೆ. ಹೊರಮೈಯಿಂದ ಒಣ ತರಗೆಲೆ ತುಳಿದಂತೆ ಸಣ್ಣಗೆ, ಒಂದರ ಹಿಂದೊಂದು ಕೇಳಿಬರುವ ಚಟಚಟ ಸದ್ದು ನರದ್ದು. ಬಿಸಿಲಿಗೆ ಅತಿಯಾಗಿ ಒಣಗಿ ಅಂಟು ಪೆಡಸಾದಾಗ ಎಳೆಗಳು ಒಂದೊಂದಾಗಿ ಬಿಡುತ್ತಿರುತ್ತವೆ. ಹಿಡಿಯ ಒಳಗಿನಿಂದ ಬಂಡಿಯ ಅಚ್ಚು ಕಿರುಗುಟ್ಟಿದಂತೆ ಆಳವಾಗಿ ಬರುವುದು ಮರದ ಕೂಡುಗಟ್ಟಿನದು. ಇವೆಲ್ಲಕ್ಕಿಂತ ಭಯಂಕರವಾದದ್ದು ಒಳಮೈಯಿಂದ ಒಮ್ಮೆಗೇ ಬರುವ ಲಟಕ್. ಕೊಂಬು ಸೀಳಿದೆ, ಇಲ್ಲವೇ ಮರದಿಂದ ಎದ್ದಿದೆ. ಆ ಕ್ಷಣದಲ್ಲಿ ಬಾಣವನ್ನೂ ಬಿಡಬಾರದು, ಬರಿಹೆದೆಯನ್ನೂ ಬಿಡಬಾರದು. ಸೆಳೆದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತಂದು ಹೆದೆಯನ್ನು ಇಳಿಸಬೇಕು. ಬಾಣವಿಲ್ಲದೆ ಪೂರ್ತಿ ಸೆಳೆದ ಹೆದೆಯನ್ನು ಬಿಡುವುದಂತೂ ಒಳ್ಳೆಯ ಬಿಲ್ಲನ್ನೂ ಕೆಡಿಸುತ್ತದೆ. ಬಾಣದೊಡನೆ ಹೋಗಬೇಕಾದ ಶಕ್ತಿಯೆಲ್ಲ ಅಂಟಿನ ಮೇಲೆಯೇ ಬೀಳುತ್ತದೆ. ಕಾವ್ಯದ ವೀರರು ಜೇವೊಡೆಯನ್ನು ಹಗುರವಾಗಿ ಮಿಡಿದಿದ್ದರೆಂದು ಆಶಿಸೋಣ.

ಹೆದೆ ಇಳಿಸಿದ ಮೇಲೆ ಪರೀಕ್ಷೆ ಬೆರಳಿಗೂ ಕಿವಿಗೂ ಸೇರಿದ್ದು. ಕೊಂಬಿನ ಮೇಲೆ ಉಗುರಿನಿಂದ ತಟ್ಟುತ್ತ ತುದಿಯಿಂದ ತುದಿಗೆ ಹೋದರೆ ಗಟ್ಟಿ ಕೂಡಿದ ಕಡೆ ಸದ್ದು ಬಿಗಿಯಾಗಿ, ಕೈಬಿಟ್ಟ ಕಡೆ ಪೊಳ್ಳಾಗಿ ಕೇಳುತ್ತದೆ. ಸಂತೆಯಲ್ಲಿ ಮಡಕೆ ಕೊಳ್ಳುವ ಹೆಣ್ಣುಮಗಳು ಬೆರಳ ಗೆಣ್ಣಿನಿಂದ ಬಡಿದು ನೋಡುವುದೂ ಇದೇ ವಿದ್ಯೆ. ಪೊಳ್ಳಿಗೆ ಅಂಟು ಬಿಟ್ಟದ್ದೇ ಕಾರಣವಾಗಬೇಕೆಂದಿಲ್ಲ. ಕೊಂಬನ್ನೂ ನರವನ್ನೂ ತಿನ್ನುವ ಹುಳುಗಳು ಒಳಗೇ ಹಾದಿ ಕೊರೆದಿರಬಹುದು. ಕೊನೆಗೆ ಬಿಲ್ಲನ್ನು ಕಣ್ಣಿನ ನೇರಕ್ಕೆ ಹಿಡಿದು ಎರಡು ತುದಿಗಳೂ ಒಂದೇ ಗೆರೆಯಲ್ಲಿವೆಯೋ ಒಂದು ಕಡೆ ತಿರುಚಿದೆಯೋ ನೋಡಬೇಕು. ಸದ್ದಿನ ನಂತರ ತಿರುಚು ಕಾಣಿಸಿಕೊಂಡರೆ ಸಂಶಯಕ್ಕೆ ಎಡೆಯಿಲ್ಲ.

ಉಪಚಾರಕ್ಕೂ ದೋಷಕ್ಕೂ ಮೂಲ ಒಂದೇ. ಅಂಟು ಯಾವ ಗುಣದಿಂದ ಕೆಟ್ಟಿತೋ ಅದೇ ಗುಣದಿಂದ ದುರಸ್ತಿಗೂ ಒಪ್ಪುತ್ತದೆ. ಬಿಟ್ಟುಕೊಂಡ ಸಂದಿಯನ್ನು ಮೆಲ್ಲಗೆ ಬೆಚ್ಚಗೆ ಮಾಡಿ, ತೆಳುವಾದ ಬಿಸಿ ಅಂಟನ್ನು ಒಳಗೆ ಹರಿಯಬಿಟ್ಟು, ಹುರಿಯಿಂದ ಬಿಗಿದು ಸುತ್ತಿ, ಕೆಲವು ವಾರ ನೆರಳಿನಲ್ಲಿ ಬಿಡುತ್ತಾರೆ. ಅಂಚು ಮತ್ತೆ ಏಳದಂತೆ ಆ ಜಾಗಕ್ಕೆ ನರವನ್ನು ಅಡ್ಡಲಾಗಿ ಸುತ್ತುವುದೂ ಉಂಟು. ಉದ್ದಕ್ಕೂ ಸೀಳಿದ ಕೊಂಬನ್ನು ಹೀಗೆ ಉಳಿಸಿಕೊಳ್ಳಬಹುದು. ಅಡ್ಡಕ್ಕೆ ಒಡೆದುದನ್ನು ಬದಲಿಸದೆ ಗತ್ಯಂತರವಿಲ್ಲ. ಬೆಂಕಿಯ ವಿಷಯದಲ್ಲಿ ಮಾತ್ರ ಅವಸರ ಸಲ್ಲದು. ಒದ್ದೆಯಾದ ನರವು ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖ ದಾಟಿದರೆ ಸುಕ್ಕುಗಟ್ಟಿ ಕುಗ್ಗುತ್ತದೆ, ಮೊದಲಿನಂತಾಗುವುದಿಲ್ಲ. ಬರೀ ಒಣಗಿ ಚಟಗುಟ್ಟುವ ಬಿಲ್ಲಿಗೆ ಬೆಂಕಿಯಾಗಲಿ ಅಂಟಾಗಲಿ ಬೇಕಿಲ್ಲ. ತಂಪಾದ ಕೋಣೆಯಲ್ಲಿ ಹೆದೆಯಿಲ್ಲದೆ ಕೆಲವು ದಿನ ಇಟ್ಟರೆ ಗಾಳಿಯಿಂದಲೇ ತೇವ ಪಡೆದು ಸುಮ್ಮನಾಗುತ್ತದೆ.

ಈ ಜ್ಞಾನ ಬಿಲ್ಲಿನೊಡನೆ ಪೂರ್ತಿ ಅಳಿಯಿತೆ? ಉತ್ತರ ಕರ್ನಾಟಕದ ಹಲಗೆಯ ಮೇಳಗಳಲ್ಲಿ ಅದರ ಅರ್ಧಭಾಗ ಇಂದಿಗೂ ಜೀವಂತವಾಗಿದೆ. ತಂಪಿಗೆ ಹಲಗೆಯ ಚರ್ಮ ಸಡಿಲಾಗಿ ಸದ್ದು ಕುಂದಿದಾಗ ಕಲಾವಿದರು ಒಂದಿಷ್ಟು ಹುಲ್ಲು, ಕಾಗದ ಹೊತ್ತಿಸಿ ಅದನ್ನು ಕಾಯಿಸುತ್ತಾರೆ, ಬಡಿದು ಕೇಳುತ್ತಾರೆ, ಸಾಲದಿದ್ದರೆ ಮತ್ತೆ ಕಾಯಿಸುತ್ತಾರೆ. ಎಷ್ಟು ಕಾವು ಸಾಕೆಂಬುದನ್ನು ಕಿವಿಯೇ ಹೇಳುತ್ತದೆ. ಹಲಗೆಯ ಚರ್ಮ, ಬಿಲ್ಲಿನ ನರ, ಎರಡನ್ನೂ ಹಿಡಿಯಬಲ್ಲ ಅಂಟು ಈ ಮೂರೂ ಮೂಲದಲ್ಲಿ ಒಂದೇ ದ್ರವ್ಯ. ಮಹಾನವಮಿಯ ಮೆರವಣಿಗೆಯಲ್ಲಿ ಹಲಗೆಯವನು ಬೆಂಕಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಮಾಡುವ ಕೆಲಸವನ್ನೇ ದಂಡಿನ ಬಿಲ್ಲುಗಾರ ಡೇರೆಯೊಳಗೆ ಮಾಡುತ್ತಿದ್ದನು. ಇನ್ನೊಂದು ಸಾಕ್ಷ್ಯ ಪದಕೋಶದ್ದು. ಬಿಲ್ಲು ಮಾಡುವವನಿಗೆ ಪಾರಸಿ ಮೂಲದ ಹೆಸರು ಕಮಾನ್‌ಗರ್. ಹಿಂದೂಸ್ತಾನಿಯಲ್ಲಿ ಅದೇ ಶಬ್ದಕ್ಕೆ ಮುರಿದ ಎಲುಬು ಕೂಡಿಸುವವನು ಎಂಬ ಅರ್ಥವೂ ಬಂದಿದೆ. ಮುಟ್ಟಿ, ತಟ್ಟಿ, ಕೇಳಿ, ಬಿಗಿದು ಕಟ್ಟಿ ಕಾಯುವ ಕೈಗೆ ಬಿಲ್ಲು ಹೋದಮೇಲೆ ಎಲುಬು ಒದಗಿತು. ಕಚ್ಛದಲ್ಲಿ ಈ ವೃತ್ತಿಯವರು ಚಿತ್ರಕಾರರಾದರು. ಅಲ್ಲಿನ ಭಿತ್ತಿಚಿತ್ರ ಶೈಲಿಗೆ ಕಮಾನ್‌ಗರಿ ಎಂದೇ ಹೆಸರು. ಅಂಟು ಕುದಿಸಬಲ್ಲವನಿಗೆ ಬಣ್ಣ ಕಲಸುವುದು ದೂರದ ವಿದ್ಯೆಯಲ್ಲ ಎಂಬುದನ್ನು ಮಾನಸೋಲ್ಲಾಸವೇ ತೋರಿಸಿಕೊಟ್ಟಿದೆ.

ತೇವದ ಕಾಟಕ್ಕೆ ಹಿಂದೂಸ್ಥಾನದ ಆಯುಧಶಾಲೆಗಳು ಕಂಡುಕೊಂಡ ಉತ್ತರಗಳಲ್ಲಿ ಉಕ್ಕಿನ ಕಮಾನು ಒಂದು. ಹೊಡೆತದಲ್ಲಿ ಸಿಂಗಾಡಿಗೆ ಸಮನಲ್ಲದಿದ್ದರೂ ಉಗ್ರಾಣದಲ್ಲಿ ವರ್ಷಗಟ್ಟಲೆ ಬಿದ್ದಿದ್ದರೂ ಪದರ ಬಿಡುತ್ತಿರಲಿಲ್ಲ. ಬಳಿಕ ಬಂದೂಕು ಎರಡನ್ನೂ ಮೂಲೆಗೆ ಸರಿಸಿತು. ಮೆಡೋಸ್ ಟೇಲರ್ 1840ರ ದಶಕದಲ್ಲಿ ಸುರಪುರದ ಆಡಳಿತ ನೋಡಿಕೊಳ್ಳುವ ಹೊತ್ತಿಗೆ ಬಿಲ್ಲಿನ ಯುದ್ಧ ಹಳೆಯ ಮಾತಾಗಿತ್ತು. 1858ರಲ್ಲಿ ರಾಜಾ ವೆಂಕಟಪ್ಪನಾಯಕನ ಬಂಡಾಯ ಮುರಿದುಬಿದ್ದು, 1860ರಲ್ಲಿ ಸುರಪುರ ನಿಜಾಮನ ಕೈ ಸೇರಿದ ಮೇಲೆ ಹಳೆಯ ಆಯುಧಗಳು ಪೂಜೆಯ ಜಗಲಿಗೂ ವಸ್ತುಸಂಗ್ರಹಾಲಯಕ್ಕೂ ಸಂದವು.

ಪೂಜೆಯ ಜಗಲಿಯ ಮಾತು ಇಲ್ಲಿ ಸುಮ್ಮನೆ ಬಂದುದಲ್ಲ. ಮಹಾನವಮಿಯ ಖಂಡೆಪೂಜೆ ಬೀಳುವುದು ಮಳೆಗಾಲ ಮುಗಿಯುವ ಹೊತ್ತಿಗೆ. ನಾಲ್ಕು ತಿಂಗಳು ತೇವ ಹೀರಿ, ಆಗತಾನೇ ಒಣಗತೊಡಗಿದ ಬಿಲ್ಲಿನ ಒಳಪದರ ಹಸಿಯಾಗಿಯೂ ಹೊರಪದರ ಬಿಗಿಯಾಗಿಯೂ ಇರುವ ಸಮಯವದು. ಖಡ್ಗಕ್ಕೆ ಹಚ್ಚುವ ಎಣ್ಣೆಯನ್ನೇ ಬಿಲ್ಲಿಗೂ ಸವರಿದರೆ ಎಣ್ಣೆ ಸಂದಿಗಿಳಿದು, ಮುಂದೆಂದೂ ಅಲ್ಲಿ ಅಂಟು ಹಿಡಿಯದಂತೆ ಮಾಡುತ್ತದೆ. ಉತ್ಸಾಹದಿಂದ ಹೆದೆಯೇರಿಸಹೊರಟರಂತೂ ಮುನ್ನೂರು ವರ್ಷದ ಬಿಲ್ಲು ಮೊದಲ ಚಟಾರಿಗೇ ಮುಗಿದುಹೋಗಬಹುದು. ಎಷ್ಟೋ ವೇಳೆ ಹಳೆಯ ಬಿಲ್ಲಿನ ಬಾಗನ್ನು ತಪ್ಪಾಗಿ ತಿಳಿದು ಎದುರು ದಿಕ್ಕಿಗೆ ಬಗ್ಗಿಸುವ ಅಪಾಯವೂ ಇದೆ. ಮೃದುವಾದ ಒಣಬಟ್ಟೆಯಿಂದ ಒರೆಸಿ, ಗಂಧ ಕುಂಕುಮವನ್ನು ಪೀಠಕ್ಕೆ ಇಟ್ಟರೆ ಪೂಜೆಗೆ ಲೋಪವೇನೂ ಬರದು.

ಕೊಂಬಿನ ಬಿಲ್ಲಿನ ಪರಂಪರೆ ಉಳಿದಿರುವ ಕಡೆಗಳಲ್ಲಿ ಈ ಎಚ್ಚರ ನಿತ್ಯದ ರೂಢಿಯಾಗಿದೆ. ಕೊರಿಯಾದಲ್ಲಿ ಬಿಲ್ಲು ಕಟ್ಟುವ ಕಲೆಗೆ 1971ರಲ್ಲಿಯೇ ಅಲ್ಲಿನ ಸರಕಾರದ ಸಾಂಸ್ಕೃತಿಕ ಮನ್ನಣೆ ದೊರೆಯಿತು. ತುರ್ಕಿಯ ಸಾಂಪ್ರದಾಯಿಕ ಬಿಲ್ವಿದ್ಯೆ 2019ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಕೊರಿಯಾದವರು ನೀರೆಮ್ಮೆಯ ಕೊಂಬಿನಿಂದ ಕಟ್ಟಿದ ತಮ್ಮ ಬಿಲ್ಲುಗಳನ್ನು ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು ಕಾಪಾಡುತ್ತಾರೆ. ಮಳೆಗಾಲ ಬಂದಾಗ ಬಹಳಷ್ಟು ಮಂದಿ ಅವನ್ನು ಪೆಟ್ಟಿಗೆಯಲ್ಲಿಯೇ ಬಿಟ್ಟು, ಈ ಕಾಲದ ಗಾಜಿನೆಳೆಯ ಬಿಲ್ಲುಗಳನ್ನು ಹಿಡಿದು ಗುರಿಯ ಬಯಲಿಗೆ ಹೋಗುತ್ತಾರೆ.